ಮಣ್ಣೆತ್ತೂ ಮಾಳಿಗೆಯೂ

ಕೆಲವು ತಿಂಗಳ ಹಿಂದೆ ಒಂದು ವಸ್ತುಸಂಗ್ರಹಾಲಯವನ್ನು ನೋಡುವ ಪ್ರಸಂಗವೊದಗಿತ್ತು. ಊರಿನ ಹೆಸರು ಇಲ್ಲಿ ಅಪ್ರಕೃತ. ಜಾನಪದ ವಸ್ತುಗಳ ಕೋಣೆಯಲ್ಲಿ, ಗಾಜಿನ ಪೆಟ್ಟಿಗೆಯೊಂದರೊಳಗೆ, ಒಂದು ಜೊತೆ ಮಣ್ಣೆತ್ತುಗಳನ್ನು ಇರಿಸಿದ್ದರು. ಮೈಗೆ ಬಿಳಿಯ ಬಣ್ಣ, ಕೋಡಿಗೆ ಬಂಗಾರದ ಬಣ್ಣ, ಮೇಲೆಲ್ಲ ಮೆರುಗೆಣ್ಣೆ. ಕೆಳಗೊಂದು ಚೀಟಿ: ‘ಮಣ್ಣೆತ್ತು. ಉತ್ತರ ಕರ್ನಾಟಕ. ಕಲಾವಿದ ಅಜ್ಞಾತ.’ ಅವು ಆವಿಗೆಯಲ್ಲಿ ಸುಟ್ಟವೆಂಬುದು ಗೊರಸಿನ ಬಳಿ ಬಣ್ಣ ತಾಗದೆ ಉಳಿದಿದ್ದ ಕೆಂಪಂಚಿನಿಂದ ಗೊತ್ತಾಗುತ್ತಿದ್ದಿತು. ಕಾವಲುಗಾರನನ್ನು ವಿಚಾರಿಸಲಾಗಿ, “ಹಸಿದು ಇಟ್ಟರ ಒಡದು ಹೋಗ್ತಾವ್ರೀ, ಹಂಗಾಗಿ ಸುಡಿಸಿ ತಂದಾರ” ಎಂದನು.

ಆತನ ಮಾತಿನಲ್ಲಿ ತಪ್ಪಿಲ್ಲ. ಸಂಗ್ರಹಾಲಯದ ಧರ್ಮವೇ ಕಾಪಾಡುವುದು. ಒಡೆಯುವ ವಸ್ತುವನ್ನು ಒಡೆಯದಂತೆ ಮಾಡಿ ಇಟ್ಟವರನ್ನು ನಿಂದಿಸಲಾಗದು. ಆದರೂ ಆ ಪೆಟ್ಟಿಗೆಯ ಮುಂದೆ ನಿಂತಷ್ಟು ಹೊತ್ತೂ ಮನಸ್ಸಿನ ಇರಿಸುಮುರಿಸು ಹೋಗಲಿಲ್ಲ. ಊರಿಗೆ ಬಂದಮೇಲೆ ನಮ್ಮ ಓಣಿಯ ಕುಂಬಾರ ಅಜ್ಜನವರಿಗೆ ಈ ಸಂಗತಿಯನ್ನು ತಿಳಿಸಿದೆನು. ಅವರು ತಿಗರಿಯಿಂದ ಕೈ ತೆಗೆಯದೆಯೇ, “ಸುಟ್ಟ ಎತ್ತು ನೀರು ಕುಡಿತೈತೇನ್ರೀ, ಮಾಸ್ತರ?” ಎಂದು ಕೇಳಿದರು. ಮುಂದೆ ನಾನು ಬರೆಯುವುದೆಲ್ಲ ಹೆಚ್ಚುಕಡಮೆ ಆ ಪ್ರಶ್ನೆಯ ಮೇಲಣ ವ್ಯಾಖ್ಯಾನವೆಂದೇ ವಾಚಕರು ಭಾವಿಸಬಹುದು.

ನಮ್ಮ ಕಲಾವಿಮರ್ಶೆಯು ಕಲ್ಲಿನ ನೆರಳಿನಲ್ಲಿ ಬೆಳೆದುದು. ಐಹೊಳೆ, ಬಾದಾಮಿ, ಪಟ್ಟದಕಲ್ಲುಗಳನ್ನು ಕಣ್ಣೆದುರಿಗೆ ಇಟ್ಟುಕೊಂಡು ಬರೆಯತಕ್ಕವನಿಗೆ ಬಾಳಿಕೆಯೂ ಒಂದು ಕಲಾಗುಣವಾಗಿ ತೋರುವುದು ಸಹಜ. ದಾನಶಾಸನಗಳಲ್ಲಿ ಬರುವ ‘ಆಚಂದ್ರಾರ್ಕ’ವೆಂಬ ಮಾತನ್ನು ನಾವು ಅರಿಯದೆಯೇ ಕಲಾಕೃತಿಗೂ ಅನ್ವಯಿಸಿಬಿಟ್ಟಿದ್ದೇವೆ. ಸುಟ್ಟು, ಹೂತು, ಸಾವಿರ ವರ್ಷಗಳ ತರುವಾಯ ಅಗೆದು ತೆಗೆದ ಮಡಕೆಯ ಚೂರಿಗೆ ಗ್ರಂಥಗಳಲ್ಲಿ ಪುಟಗಳು ದೊರೆಯುತ್ತವೆ. ಹೋದ ಅಮಾವಾಸ್ಯೆಯಂದು ಹುಟ್ಟಿ ಮೊನ್ನೆಯ ಮಳೆಗೆ ಕರಗಿದ ಎತ್ತಿಗೆ ವಿಮರ್ಶೆಯ ನಾಲ್ಕು ಸಾಲು ದೊರೆಯುವುದು ಅಪರೂಪ. ಜಾನಪದ ವಿದ್ವಾಂಸರು ಆ ಹಬ್ಬದ ಹಾಡುಗಳನ್ನೂ ಆಚಾರವನ್ನೂ ಶ್ರದ್ಧೆಯಿಂದ ಕೂಡಿಸಿಟ್ಟಿದ್ದಾರೆ. ಅದು ಉಪಕಾರವೇ ಸರಿ. ಆದರೆ ಎತ್ತು ಎತ್ತಾಗಿ ಹೇಗಿದೆ, ಅದರ ರೂಪವು ಹಾಗೇಕಿದೆ, ಒಂದು ಚೆಲುವಾದುದೂ ಇನ್ನೊಂದು ಚೆಲುವಲ್ಲದುದೂ ಆಗುವುದು ಯಾತರಿಂದ, ಎಂಬುದು ಆಚಾರದ ವಿವರಣೆಯಿಂದ ಬಗೆಹರಿಯತಕ್ಕದ್ದಲ್ಲ. ವೇದಾಂತಿಗಳಂತೂ ಮಣ್ಣನ್ನು ಬೇರೊಂದು ರೀತಿಯಲ್ಲಿ ಬಡವಾಗಿಸಿದರು. ಛಾಂದೋಗ್ಯದ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ಮಗನಿಗೆ ಮಣ್ಣಿನ ಉಂಡೆಯ ದೃಷ್ಟಾಂತವನ್ನು ಕೊಟ್ಟಂದಿನಿಂದ ಮಣ್ಣೊಂದೇ ಸತ್ಯ, ಗಡಿಗೆಯು ಹೆಸರು ಮಾತ್ರ ಎಂಬ ಭಾವನೆ ಪಂಡಿತರಲ್ಲಿ ನೆಲೆಗೊಂಡಿದೆ. ಕುಂಬಾರರ ಮನೆಯಲ್ಲಿ ಈ ಮಾತನ್ನು ಆಡಿದರೆ ನಕ್ಕಾರು.

ಎರೆಯ ನಾಡಿನಲ್ಲಿ, ಅಂದರೆ ವಿಜಾಪುರ, ಬಾಗಲಕೋಟೆ, ಗದಗು, ಧಾರವಾಡ, ಕಲಬುರ್ಗಿಯ ಕಡೆಗಳಲ್ಲಿ, ಮುಂಗಾರು ಕಾಲಿಟ್ಟೊಡನೆ ಮಣ್ಣಿನ ಪೂಜೆಗಳು ಒಂದರ ಹಿಂದೊಂದು ಬರುತ್ತವೆ. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳ ಗುಳ್ಳವ್ವ. ಶ್ರಾವಣದ ಪಂಚಮಿಗೆ ಹುತ್ತದ ಮಣ್ಣಿನ ನಾಗಪ್ಪ. ಭಾದ್ರಪದದ ಚೌತಿಗೆ ಗಣಪತಿ. ಆತನ ಬೆನ್ನಿಗೇ ಅಷ್ಟಮಿಯಂದು ಹುಟ್ಟಿ ಹುಣ್ಣಿಮೆಗೆ ಸಾಯುವ ಜೋಕುಮಾರ. ಐದಕ್ಕೂ ಬೇಕಾದುದು ಕಾಲಕೆಳಗಿನ ಮಣ್ಣು ಮಾತ್ರ. ಬೇಸಗೆಯಲ್ಲಿ ಮೊಳಕೈ ಇಳಿಯುವಷ್ಟು ಬಿರುಕು ಬಿಟ್ಟಿದ್ದ ನೆಲವು ನೀರು ಕುಡಿದು ಉಬ್ಬಿ ಮುಚ್ಚಿಕೊಳ್ಳುವ ಕಾಲವದು. ಎರೆಯ ಗುಣವೇ ಇದು: ತೊಯ್ದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ, ಕುಗ್ಗುವಾಗ ಸೀಳುತ್ತದೆ. ಶಿಲ್ಪಿಗೆ ಇದಕ್ಕಿಂತ ಹಟಮಾರಿಯಾದ ದ್ರವ್ಯವಿರಲಾರದು.

ಮಣ್ಣೆತ್ತಿನ ರೂಪವೆಲ್ಲ ಈ ಹಟಕ್ಕೆ ಕೊಟ್ಟ ಉತ್ತರ. ಅಜ್ಜನವರು ಮಾಡುವುದನ್ನು ನಾನು ಹತ್ತಾರು ವರ್ಷ ನೋಡಿದ್ದೇನೆ. ಎರಡು ಮುಷ್ಟಿಯಷ್ಟು ಮಣ್ಣನ್ನು ಅಂಗೈಗಳ ನಡುವೆ ಹೊರಳಿಸುತ್ತಾರೆ. ಕೆಳಗಡೆಗೆ ನಾಲ್ಕು ಸಾರಿ ಎಳೆದರೆ ನಾಲ್ಕು ಕಾಲು. ಮೇಲಕ್ಕೆ ಒಂದು ಸಾರಿ ಚಿವುಟಿದರೆ ಹಿಣಿಲು. ಮುಂದಕ್ಕೆ ಹಿಸುಕಿ ತಗ್ಗಿಸಿದರೆ ಕತ್ತು. ಕತ್ತಿನ ಕೆಳಗೆ ಹೆಬ್ಬೆರಳನ್ನು ಒಮ್ಮೆ ಆಡಿಸಿದರೆ ಗಂಗೆದೊಗಲು. ಕೋಡುಗಳನ್ನೂ ತಲೆಯಿಂದಲೇ ಎಳೆದು ತೆಗೆಯುತ್ತಾರೆ. ಬೇರೆಯಾಗಿ ಮಾಡಿ ಅಂಟಿಸಿದುದು ಯಾವುದೂ ಇಲ್ಲ. ಕಾರಣ ಕೇಳಿದರೆ, ಅಂಟಿಸಿದ್ದು ಒಣಗುವಾಗ ಬಿಡುತ್ತದೆ, ಎಳೆದದ್ದು ಬಿಡುವುದಿಲ್ಲ ಎನ್ನುತ್ತಾರೆ. ಕಾಲುಗಳು ಗಿಡ್ಡ, ದಪ್ಪ; ತೆಳ್ಳಗೆ ಮಾಡಿದರೆ ಮೈಯ ಭಾರಕ್ಕೆ ಒಣಗುವ ಮೊದಲೇ ಬಾಗುತ್ತವೆ. ಕಣ್ಣಿಗೆ ಒಂದೊಂದು ಕುಸುಬಿಯ ಕಾಳು. ಅಷ್ಟು ಮಾತ್ರದಿಂದ ನೋಡುವವನ ಮನಸ್ಸಿನಲ್ಲಿ ಹದಿನೈದು ದಿನ ಹಿಂದೆ ಕಾರಹುಣ್ಣಿಮೆಯಂದು ಕರಿ ಹರಿದ ಜೀವಂತ ಎತ್ತು ಎದ್ದು ನಿಲ್ಲುತ್ತದೆ. ಎತ್ತಿನ ಬಲವು ಹಿಣಿಲಿನಿಂದ ಹೆಗಲಿಗೆ ಇಳಿದು ನೊಗವನ್ನು ಹೊರುವ ಆ ಒಂದು ರೇಖೆಯನ್ನು ಹಿಡಿದು ಮಿಕ್ಕುದನ್ನೆಲ್ಲ ಬಿಟ್ಟಿದೆ ಈ ಕೈ. ಕ್ಷೇಮೇಂದ್ರನು ಕಾವ್ಯಕ್ಕೆ ಹೇಳಿದ ಔಚಿತ್ಯವನ್ನು ಇಲ್ಲಿಗೆ ತಂದರೆ ತಪ್ಪಾಗದು. ದ್ರವ್ಯಕ್ಕೆ ಉಚಿತವಾದುದನ್ನು ಮಾತ್ರ ಮಾಡುವುದರಿಂದ ಹುಟ್ಟಿದ ಚೆಲುವು ಇದು.

ಸಂಗ್ರಹಾಲಯದ ಎತ್ತುಗಳಲ್ಲಿ ಇದಾವುದೂ ಇರಲಿಲ್ಲ. ಅಚ್ಚಿನಲ್ಲಿ ಒತ್ತಿ ತೆಗೆದುದರಿಂದ ಎರಡೂ ಒಂದೇ ಎತ್ತು. ಕಾಲು ನೀಳವಾಗಿ ಸಪೂರವಾಗಿದ್ದವು. ಸುಡುವೆವೆಂಬ ಧೈರ್ಯವಿದ್ದುದರಿಂದ ಹಾಗೆ ಮಾಡಿದ್ದಾರೆ. ಕೊರಳ ಗೆಜ್ಜೆ, ಮೂಗುದಾರ, ಮೈಮೇಲಣ ಜೂಲು, ಎಲ್ಲವನ್ನೂ ಕಾಣಿಸಿದ್ದಾರೆ. ಎತ್ತನ್ನು ಮಾತ್ರ ಕಾಣಿಸಿಲ್ಲ.

ಹಬ್ಬದ ಮರುದಿನದ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಮಕ್ಕಳು ಒಂದು ಎತ್ತಿನ ಕಾಲು ಮುರಿದು, ಎಂಟೆತ್ತಿನೊಳಗೆ ಒಂದು ಕುಂಟೆತ್ತು ಬಂದಿದೆಯೆಂದು ಮನೆಮನೆಗೆ ಹೊತ್ತು ತಿರುಗಿ ಜೋಳ ಬೇಡುತ್ತಾರೆ. ಮುರಿದ ಮೂರ್ತಿಯು ಪೂಜೆಗೆ ಸಲ್ಲದೆಂಬುದು ಆಗಮದ ಮಾತು. ಇಲ್ಲಿಯೋ, ಮುರಿದುದಕ್ಕೇ ಕಾಳು ಬೀಳುತ್ತದೆ! ಆಮೇಲೆ ಕೆಲವರು ಎತ್ತುಗಳನ್ನು ಹಳ್ಳಕ್ಕೆ ಬಿಡುತ್ತಾರೆ. ನಮ್ಮ ಮನೆಯಲ್ಲಿ ಅವನ್ನು ಮಾಳಿಗೆಯ ಮೇಲೆ ಇಡುವ ವಾಡಿಕೆ. ಮಳೆಗೆ ಮೊದಲು ಕೋಡು ಹೋಗುತ್ತದೆ, ಆಮೇಲೆ ಮುಖ, ಕಟ್ಟಕಡೆಗೆ ಹಿಣಿಲು. ಚಿಕ್ಕಂದಿನಲ್ಲಿ ಏಣಿ ಹತ್ತಿ ಹತ್ತಿ ಇದನ್ನು ನೋಡಿದುದುಂಟು.

ಗುಳ್ಳವ್ವ, ನಾಗಪ್ಪರ ವಿಷಯದಲ್ಲಿ ಹೆಚ್ಚು ಹೇಳುವ ಅವಶ್ಯವಿಲ್ಲ. ಜೋಕುಮಾರನನ್ನು ಮಾತ್ರ ಹಾಗೆ ದಾಟುವಂತಿಲ್ಲ. ಅಂಬಿಗ, ಕಬ್ಬಲಿಗ ಮೊದಲಾದ ಮನೆತನಗಳ ಹೆಂಗಸರು ಈತನನ್ನು ಬುಟ್ಟಿಯಲ್ಲಿ ಕೂರಿಸಿ, ಸುತ್ತ ಬೇವಿನ ಸೊಪ್ಪು ಒತ್ತಿ, ತಲೆಯ ಮೇಲೆ ಹೊತ್ತು ಊರೂರು ತಿರುಗುವರು. ತೆರೆದ ಬಾಯಿ, ಅದಕ್ಕೆ ಮೆತ್ತಿದ ಬೆಣ್ಣೆ, ಹುರಿ ಮಾಡಿದ ಮೀಸೆ, ಹೊರಬಿದ್ದ ಕಣ್ಣು, ಸಂಕೋಚವಿಲ್ಲದ ಪುರುಷಚಿಹ್ನೆ. ಏಳು ದಿನಗಳ ಆಯುಷ್ಯ. ಹುಣ್ಣಿಮೆಯ ರಾತ್ರಿ ಆತನ ತಲೆಯನ್ನು ಒಡೆದು ನೀರಿಗೆ ಹಾಕುತ್ತಾರೆ. ತಾಯಿತಂದೆಗಳ ಬಳಿಗೆ ಹಿಂದಿರುಗಿದ ಗಣಪತಿಯು ಭೂಲೋಕದಲ್ಲಿ ಎಲ್ಲವೂ ಸುಖವಾಗಿದೆಯೆಂದು ಹೇಳಿದನಂತೆ. ಹೊಲಗಳು ಒಣಗಿರುವುದನ್ನು ಹೇಳಿ ಮಳೆ ತಂದವನು ಜೋಕುಮಾರನೆಂದು ಜನದ ನಂಬಿಕೆ. ಈ ಆಚರಣೆಯನ್ನು ಚಂದ್ರಶೇಖರ ಕಂಬಾರರು 1972ರ ‘ಜೋಕುಮಾರಸ್ವಾಮಿ’ಯಲ್ಲಿ ರಂಗಕ್ಕೆ ತಂದುದು ಸಾಹಿತ್ಯಾಸಕ್ತರೆಲ್ಲರಿಗೂ ತಿಳಿದ ವಿಷಯ. ಕಲೆಯ ಕಣ್ಣಿನಿಂದ ನೋಡಿದರೆ ನನಗೆ ವಿಸ್ಮಯವಾಗುವುದು ಮುಖದ ಅತಿರೇಕ. ಏಳೇ ದಿನ ಬದುಕತಕ್ಕವನಿಗೆ ಸೌಮ್ಯತೆಯಿಂದ ಏನಾಗಬೇಕು? ಬೀದಿಯ ಆ ತುದಿಯಿಂದಲೇ ಗುರುತು ಸಿಗಬೇಕು. ಕಲ್ಲಿನಲ್ಲಿ ಕೆತ್ತಿ ಗುಡಿಯಲ್ಲಿಟ್ಟರೆ ಈ ಮುಖವನ್ನು ಒಂದು ತಿಂಗಳು ಸಹಿಸಲಾಗದು.

ಗಣಪತಿಯ ಪಾಡು ಬೇರೆಯಾಗಿದೆ. ಹಸಿಮಣ್ಣಿನ ಗಣಪತಿಯು ಕೂತಿರಲೇಬೇಕು. ಸೊಂಡಿಲು ಹೊಟ್ಟೆಯ ಮೇಲೆ ಒರಗಿರಬೇಕು, ಕೈಗಳು ಮೈಗೆ ಹತ್ತಿರವಿರಬೇಕು. ಇಲ್ಲವಾದರೆ ಮಣ್ಣು ನಿಲ್ಲದು. ಆ ಕಟ್ಟುಪಾಡಿನಿಂದಲೇ ಅವನಿಗೆ ಒಂದು ಗಾಂಭೀರ್ಯವೂ ಆಪ್ತತೆಯೂ ಬಂದಿದ್ದವು. ಪ್ಲಾಸ್ಟರ್ ಆಫ್ ಪ್ಯಾರಿಸ್ ಬಂದಮೇಲೆ ಆತನು ಎದ್ದು ನಿಂತನು, ಕುಣಿದನು, ಮೋಟಾರುಗಾಡಿಯನ್ನೂ ಏರಿದನು. ನೀರಿನಲ್ಲಿ ಆ ಪದಾರ್ಥವು ಸುಲಭವಾಗಿ ಕರಗದೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2010ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿ 2020ರಲ್ಲಿ ಅವನ್ನು ಇನ್ನೂ ಬಿಗಿಗೊಳಿಸಿತು. ಕೆರೆಗಳ ಹಿತಕ್ಕಾಗಿ ಮಾಡಿದ ಆ ಕೆಲಸ ಸ್ತುತ್ಯವಾದುದೇ. ಆದರೆ ಕೆರೆಯೇ ಇಲ್ಲದ ಊರಿನಲ್ಲಿಯೂ ನಾನು ಆ ಮೂರ್ತಿಗಳನ್ನು ಆಕ್ಷೇಪಿಸುವೆನು. ಏನು ಬೇಕಾದರೂ ಮಾಡಿಸಿಕೊಳ್ಳುವ ದ್ರವ್ಯದಲ್ಲಿ ರೂಪಕ್ಕೆ ಒಳಗಿನಿಂದ ಹಿಡಿತ ಕೊಡುವುದು ಯಾವುದೂ ಉಳಿಯುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಲೇಖನವು ಹಳೆಯ ಕಾಲದ ಹೊಗಳಿಕೆಯಾಗುತ್ತಿತ್ತು. ಆದರೆ ಮಣ್ಣಿನಿಂದ ನಮ್ಮವರು ಎತ್ತುಗಳನ್ನು ಮಾತ್ರ ಮಾಡಲಿಲ್ಲ, ಮನೆಗಳನ್ನೂ ಕಟ್ಟಿದರು. ಮನೆಯು ಬಿದ್ದರೆ ಒಳಗಿದ್ದವರು ಸಾಯುತ್ತಾರೆ. ಮಣ್ಣಿನ ಚೆಲುವನ್ನು ಕುರಿತು ಬರೆಯುವವನು ಈ ಮಾತಿಗೆ ಉತ್ತರ ಕೊಡಲೇಬೇಕು.

ಎರೆಯ ನಾಡಿನ ಮಾಳಿಗೆಮನೆಯನ್ನು ಕಂಡವರಿಗೆ ಅದರ ಜಾಣತನ ತಿಳಿದೇ ಇದೆ. ಗೋಡೆಗೆ ಕಲ್ಲು, ಮಣ್ಣಿನ ಕೆಸರು. ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಸೀಳುಕಟ್ಟಿಗೆ, ಸೊಪ್ಪು, ಹದಮಾಡಿದ ಮಣ್ಣು. ಎಲ್ಲಕ್ಕೂ ಮೇಲೆ ಸವಳು ಮಣ್ಣು. ಬೆಳೆಗೆ ಬಾರದ ಈ ಸವಳನ್ನು ಮಾಳಿಗೆಗೆ ಆರಿಸಿದ ಬುದ್ಧಿಗೆ ಕೈಮುಗಿಯಬೇಕು. ಅದರಲ್ಲಿರುವ ಕ್ಷಾರದಿಂದಾಗಿ, ನೀರು ಬಿದ್ದೊಡನೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಸಂದುಗಳನ್ನು ತುಂಬಿಬಿಡುತ್ತವೆ. ಮುಂದಿನ ಹನಿ ಒಳಕ್ಕಿಳಿಯದೆ ದೋಣಿಯ ಕಡೆಗೆ ಹರಿಯುತ್ತದೆ. ಹೊಲದಲ್ಲಿ ನೀರನ್ನು ಇಂಗಗೊಡದೆ ಒಕ್ಕಲಿಗನನ್ನು ಅಳಿಸುವ ಗುಣವೇ ಮನೆಯ ಮೇಲೆ ಅವನನ್ನು ಕಾಯುತ್ತದೆ. ನಡುಮನೆಗೆ ಬೆಳಕಿಂಡಿ, ವೈಶಾಖದ ಮಧ್ಯಾಹ್ನದಲ್ಲಿಯೂ ಒಳಗೆ ತಂಪು. ನೆಲವನ್ನು ಸಾರಿಸುವ, ಗೋಡೆಗೆ ಮಣ್ಣು ಬಳಿಯುವ ಕೈಗಳು ಹೆಂಗಸರವು. ಆ ದುಡಿಮೆಯನ್ನು ಚೆಲುವೆಂದು ಬಣ್ಣಿಸುವ ಗಂಡಸರು ಒಂದು ವಾರ ತಾವೇ ಸಾರಿಸಿ ನೋಡತಕ್ಕದ್ದು.

ಮಾಳಿಗೆಗೆ ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಮಣ್ಣು ಹಾಕಬೇಕು. ಇಲ್ಲಿಯೇ ಕೇಡು ಹೊಕ್ಕಿತು. ನಮ್ಮ ಅಜ್ಜನವರು ಇದ್ದಷ್ಟು ಕಾಲ ಒಂದು ನಿಯಮವಿತ್ತು: ಮೊದಲು ಹೋದ ವರ್ಷದ ಪದರನ್ನು ಹೆರೆದು ಕೆಳಕ್ಕೆ ಹಾಕಬೇಕು, ಅದನ್ನು ಹೊಲಕ್ಕೆ ಹೇರಬೇಕು, ಆ ಮೇಲೆಯೇ ಹೊಸ ಸವಳು. ಹೆರೆಯುವುದಕ್ಕೆ ಮೂರು ದಿನ, ಹಾಕುವುದಕ್ಕೆ ಒಂದು ದಿನ. ಅವರು ತೀರಿಕೊಂಡ ಮೇಲೆ ನಾವು ಅಣ್ಣತಮ್ಮಂದಿರು ಕೂಲಿಯವರಿಂದ ಒಂದು ದಿನದ ಕೆಲಸವನ್ನು ಮಾತ್ರ ಮಾಡಿಸುತ್ತ ಬಂದೆವು. ಯಾರೂ ಬೇಡವೆನ್ನಲಿಲ್ಲ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯ ಮೇಲೆ ಒಂದಡಿ ದಪ್ಪ ಮಣ್ಣೆಂದರೆ ಒಣಗಿದ್ದಾಗಲೇ 4 ಟನ್ನಿಗೆ ಮಿಕ್ಕ ಭಾರ. ತೊಯ್ದರೆ ಇನ್ನೂ ಹೆಚ್ಚು. 2009ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲವರೆಗೆ ಉತ್ತರ ಕರ್ನಾಟಕವನ್ನೆಲ್ಲ ನೆನೆಸಿ ಸಾವಿರಾರು ಮನೆಗಳನ್ನು ಕೆಡವಿದ ಆ ಮಳೆಯಲ್ಲಿ ನಮ್ಮ ಅಡುಗೆಮನೆಯ ತೊಲೆ ಮುರಿಯಿತು. ತಾಯಿಯವರು ನೀರಿನ ತಂಬಿಗೆಯನ್ನು ಹಿಡಿದು ಆಗತಾನೆ ಪಡಸಾಲೆಗೆ ಬಂದಿದ್ದರು. ಒಲೆಯಿದ್ದ ಸ್ಥಳದಲ್ಲಿ ಎದೆಯೆತ್ತರದ ಗುಡ್ಡೆ. ಅದನ್ನು ತೆಗೆಯಿಸುವಾಗ ಪದರು ಪದರಾಗಿ ವರ್ಷಗಳನ್ನು ಎಣಿಸಬಹುದಾಗಿತ್ತು. ನಾನು ಎಣಿಸಿದೆನು, ಅಜ್ಜನವರು ತೀರಿದ ವರ್ಷದವರೆಗೆ ಸರಿಯಾಗಿ ಬಂದು ನಿಂತಿತು.

ನಮ್ಮ ನೆರೆಯಲ್ಲಿಯೇ ಇದಕ್ಕಿಂತ ಭೀಕರವಾದುದು ನಡೆದಿದೆ. 1993ರ ಸೆಪ್ಟೆಂಬರ್ 29ರಂದು ಅನಂತಚತುರ್ದಶಿ. ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಮಲಗಿದ್ದ ಜನದ ಮೇಲೆ, 30ರ ನಸುಕಿನ ನಾಲ್ಕು ಗಂಟೆಯ ಸುಮಾರಿಗೆ, ಬೀದರ-ಕಲಬುರ್ಗಿಗಳ ಗಡಿಯಾಚೆಗಿನ ಕಿಲ್ಲಾರಿಯ ಸುತ್ತಮುತ್ತ, ಮನೆಗಳು ಕವಿದು ಬಿದ್ದವು. ಭೂಕಂಪದ ಪ್ರಮಾಣ 6.2ರಷ್ಟು; ಜಗತ್ತಿನಲ್ಲಿ ಅದಕ್ಕಿಂತ ದೊಡ್ಡವು ಎಷ್ಟೋ ಆಗಿವೆ. ಸತ್ತವರು 8,000ದಿಂದ 10,000ದವರೆಗೆ. ಕಾರಣವನ್ನು ಪರೀಕ್ಷಿಸಿದ ಶಿಲ್ಪಶಾಸ್ತ್ರಜ್ಞರು ಎರಡು ದೋಷಗಳನ್ನು ಮುಖ್ಯವಾಗಿ ಹೇಳಿದರು. ದಪ್ಪಗೋಡೆಯ ಒಳಮುಖಕ್ಕೂ ಹೊರಮುಖಕ್ಕೂ ಅಡ್ಡಲಾಗಿ ಹಾಯುವ ಕಟ್ಟುಗಲ್ಲುಗಳಿರಲಿಲ್ಲವೆಂಬುದೊಂದು. ವರ್ಷವರ್ಷವೂ ಹಾಕಿದ ಮಣ್ಣಿನಿಂದ ಮಾಳಿಗೆಗಳು ಮಿತಿಮೀರಿ ಭಾರವಾಗಿದ್ದುವೆಂಬುದು ಇನ್ನೊಂದು. ಹಿಂದಿನ ಸಂಜೆ ಮಣ್ಣನ್ನು ನೀರಿಗೆ ಹಿಂದಿರುಗಿಸಿ ಬಂದವರೇ ಮನೆಯ ಮೇಲಿನ ಮಣ್ಣನ್ನು ಹಿಂದಿರುಗಿಸದೆ ಮಲಗಿದ್ದರು.

ಇದನ್ನು ಓದಿ, ಮಣ್ಣೇ ಕೊಂದಿತು, ಆದುದರಿಂದ ಸಿಮೆಂಟೇ ಗತಿಯೆಂದು ತೀರ್ಮಾನಿಸುವವರಿದ್ದಾರೆ. ನನ್ನ ಅಭಿಪ್ರಾಯ ಹಾಗಲ್ಲ. ಎತ್ತಿನಲ್ಲಿ ಕಂಡ ವಿಧಿಯೇ ಮಾಳಿಗೆಯ ವಿಧಿಯೂ ಆಗಿದ್ದಿತು: ತಂದಷ್ಟನ್ನು ಹಿಂದಕ್ಕೆ ಕೊಡಬೇಕು, ಅಂಟಿಸುತ್ತ ಹೋಗಬಾರದು. ಹಬ್ಬದಲ್ಲಿ ಅದು ಮಕ್ಕಳ ಕೈಯಲ್ಲಿ ಉಳಿಯಿತು. ಮನೆಯಲ್ಲಿ, ಹಿರಿಯರು ಸತ್ತು ಕೂಲಿಯ ಲೆಕ್ಕ ಬಂದಾಗ, ಮೂರು ದಿನದ ಖರ್ಚಾಗಿ ಕಂಡು ಬಿಟ್ಟುಹೋಯಿತು. ಕಟ್ಟುಗಲ್ಲಿನ ತಪ್ಪು ಗೌಂಡಿಯದು, ಅದಕ್ಕೆ ಮಣ್ಣನ್ನು ಹೊಣೆಮಾಡುವಂತಿಲ್ಲ. ಭಾರದ ತಪ್ಪು ನಮ್ಮದು.

ಈಚೆಗೆ ಮಣ್ಣಿನ ಕಟ್ಟಡಗಳಿಗೆ ವಿದ್ಯಾವಂತರ ಮನ್ನಣೆ ದೊರೆಯುತ್ತಿರುವುದನ್ನೂ ಹೇಳದೆ ಬಿಡಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಆಸ್ತ್ರ’ ಎಂಬ ವಿಭಾಗ ಹುಟ್ಟಿ, ಮಣ್ಣಿಗೆ ನೂರಕ್ಕೆ ಐದೆಂಟು ಪಾಲು ಸಿಮೆಂಟು ಬೆರೆಸಿ ಯಂತ್ರದಿಂದ ಒತ್ತಿ ತೆಗೆಯುವ ಇಟ್ಟಿಗೆಗಳನ್ನು ಪ್ರಚಾರಕ್ಕೆ ತಂದಿತು. ಕೇರಳದಲ್ಲಿ ನೆಲೆಸಿದ್ದ ಲಾರಿ ಬೇಕರರು (1917–2007) ತಮ್ಮ ಕೈಬರಹ, ಕೈಚಿತ್ರಗಳಲ್ಲಿಯೇ ಮಣ್ಣಿನ ಮೇಲೆ ಒಂದು ಸಣ್ಣ ಹೊತ್ತಗೆಯನ್ನು ಮಾಡಿದರು. ಓದುಬಾರದವನೂ ಚಿತ್ರ ನೋಡಿ ಕಟ್ಟುವಂತಿದೆ. ಇಬ್ಬರ ಉಪಕಾರವೂ ದೊಡ್ಡದು. ಸುಡದ ಇಟ್ಟಿಗೆಯಿಂದ ಎಷ್ಟೋ ಸೌದೆ ಉಳಿದಿದೆ. ಒಂದು ಭೇದವನ್ನು ಮಾತ್ರ ಮರೆಯಬಾರದು. ಸಿಮೆಂಟು ಬೆರೆತ ಮಣ್ಣು ಮತ್ತೆ ನೀರು ಕುಡಿಯದು. ಅದು ಒಳ್ಳೆಯ ಇಟ್ಟಿಗೆ, ಆದರೆ ಕುಂಬಾರ ಅಜ್ಜನವರ ಲೆಕ್ಕದಲ್ಲಿ ಸುಟ್ಟ ಎತ್ತಿನ ಜಾತಿಯದು. ಮಳೆ ಬಡಿಯುವ ಬುಡದ ವರಸೆಗಳಿಗೆ ಅದು ತಕ್ಕುದೇ. ಊರ ಹೊರಗಿನ ತೋಟದ ಮನೆಗಳಲ್ಲಿ ಅದನ್ನೇ ಗಾರೆ ಹಾಕದೆ ಬಿಟ್ಟು, ಅತಿಥಿಗಳಿಗೆ ತೋರಿಸಿ, ತಾವು ಮಣ್ಣಿಗೆ ಮರಳಿದೆವೆನ್ನುವವರ ಮಾತನ್ನು ಕೇಳುವಾಗ ಮಾತ್ರ ನಗು ಬರುತ್ತದೆ. ಅವರ ಮನೆಯ ಗೋಡೆಗೆ ವರ್ಷಕ್ಕೊಮ್ಮೆ ಯಾರ ಕೈಯೂ ತಾಗುವ ಅಗತ್ಯವಿಲ್ಲ. ಅದೇ ಅದರ ಹೆಚ್ಚುಗಾರಿಕೆಯೆಂದು ಅವರೇ ಹೇಳಿಕೊಳ್ಳುತ್ತಾರೆ.

ಮತ್ತೆ ಆ ಗಾಜಿನ ಪೆಟ್ಟಿಗೆಯ ವಿಚಾರ. ನಮ್ಮ ಸಂಘದ ಕಟ್ಟಡದಲ್ಲಿಯೂ ಜಾನಪದ ವಸ್ತುಗಳಿಗಾಗಿ ಒಂದು ಕೋಣೆಯನ್ನು ತೆರೆಯಬೇಕೆಂಬ ಆಲೋಚನೆ ನಡೆದಿರುವುದು ಸದಸ್ಯರಿಗೆ ತಿಳಿದೇ ಇದೆ. ಅಲ್ಲಿ ಮಣ್ಣೆತ್ತಿಗೆ ಪೆಟ್ಟಿಗೆ ಬೇಡ, ಒಂದು ಹಲಗೆ ಸಾಕೆಂದು ನಾನು ಕಾರ್ಯಕಾರಿ ಸಮಿತಿಗೆ ಬರೆದುಕೊಂಡಿದ್ದೇನೆ. ಪ್ರತಿವರ್ಷ ಜ್ಯೇಷ್ಠದ ಅಮಾವಾಸ್ಯೆಯ ಹಿಂದಿನ ದಿನ ಜನದೆದುರಿಗೆ ಒಂದು ಜೊತೆ ಎತ್ತು ಮಾಡಿಸಿ ಹಲಗೆಯ ಮೇಲಿಡುವುದು. ಹನ್ನೊಂದು ತಿಂಗಳು ಅವು ಬಿರಿದರೆ ಬಿರಿಯಲಿ. ಮುಂದಿನ ಜೊತೆ ಬಂದಂದು ಹಳೆಯದನ್ನು ಮಕ್ಕಳ ಕೈಗೆ ಕೊಡುವುದು. ಚೀಟಿಯಲ್ಲಿ ಮಾಡಿದವರ ಹೆಸರನ್ನು ಬರೆಯುವುದು. ಬಜೆಟ್ಟಿನಲ್ಲಿ ವರ್ಷಂಪ್ರತಿ ಮರುಕಳಿಸುವ ಖರ್ಚಿಗೆ ಅವಕಾಶವಿಲ್ಲ, ಒಮ್ಮೆಯ ಖರೀದಿಗೆ ಮಾತ್ರ ಇದೆಯೆಂದು ಕಾರ್ಯದರ್ಶಿಗಳು ಬಾಯಿಮಾತಿನಲ್ಲಿ ತಿಳಿಸಿದ್ದಾರೆ. ಕುಂಬಾರ ಅಜ್ಜನವರು ಬರಲು ಒಪ್ಪಿದ್ದಾರೆ. ಎರೆಯನ್ನು ಕೆರೆಯಂಗಳದಿಂದ ತಾವೇ ಆರಿಸಿ ತರುವರಂತೆ. ಚಕ್ಕಡಿಯ ಬಾಡಿಗೆಯನ್ನು ಮಾತ್ರ ಸಂಘವು ಕೊಡಬೇಕೆಂದು ಹೇಳಿ ಕಳುಹಿಸಿದ್ದಾರೆ.